ಯಥಾಪ್ರಕಾರ

ಜೂನ್ 10, ಸೋಮವಾರ

ಇವತ್ತಿಗೆ ಇಪ್ಪತ್ತಾರು ರೋಗಿಗಳ ಕಾಗದ ಆಯಿತು. ಹೆಬ್ಬೆರಳು ಸೆಟೆದುಕೊಂಡಿದೆ. ಉಳಿದಿರುವುದು ನೂರ ಎಂಬತ್ತಾರು. ನಮ್ಮ ಡಾಕ್ಟರ್ ಸರ್ ಕೆಲಸ ನಿಲ್ಲಿಸುತ್ತಿದ್ದಾರೆ, ಕ್ಲಿನಿಕ್ ಬಾಗಿಲು ಹಾಕುವುದು ಇಪ್ಪತ್ತೊಂಬತ್ತಕ್ಕೆ.

ಸರ್ ಬರೀ ಸಹಿ ಹಾಕುತ್ತಾರೆ. ಬರೆಯುವುದೆಲ್ಲ ನಾನೇ — ಯಾರು, ಏನು ಕಾಯಿಲೆ, ಯಾವ ಮಾತ್ರೆ, ಯಾವ ಹೊತ್ತಿಗೆ ಎಷ್ಟು. ಈ ಕಾಗದ ತೋರಿಸಿದರೆ ಹೊಸ ಡಾಕ್ಟರು ಒಂದು ತಿಂಗಳ ಮಾತ್ರೆ ಬರೆದುಕೊಡುತ್ತಾರೆ, ಆಮೇಲೆ ನಿಧಾನವಾಗಿ ಪರೀಕ್ಷೆ. ಕಾಗದ ಇಲ್ಲದಿದ್ದರೆ ಮೊದಲಿಂದ ಟೆಸ್ಟು, ಮೊದಲಿಂದ ಕಥೆ. ಅಷ್ಟರಲ್ಲಿ ಮಾತ್ರೆ ಮುಗಿದಿರುತ್ತದೆ. ಎದುರಿನ ಮೆಡಿಕಲ್ಸ್‌ನವನು ಈಗಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ. "ಸರ್ ನಿಂತ ಮೇಲೆ ಅವರ ಚೀಟಿಗೆ ಒಂದು ಮಾತ್ರೆನೂ ಕೊಡಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ."

ಅದಕ್ಕೇ ರಿಜಿಸ್ಟರ್‌ನಲ್ಲಿ ಎರಡು ಕಾಲಂ ಎಳೆದಿದ್ದೇನೆ. ಮಾತ್ರೆ ಮುಗಿಯುವ ದಿನ. ಹೊಸ ಡಾಕ್ಟರು ನೋಡುವ ದಿನ. ಮುಗಿಯುವ ದಿನವೇ ಮೊದಲು ಬಂದರೆ ಪಕ್ಕದಲ್ಲಿ ಕೆಂಪು ಸೊನ್ನೆ. ಇವತ್ತಿಗೆ ಹದಿನಾಲ್ಕು ಸೊನ್ನೆ.

ಅಕ್ಕ ಊಟಕ್ಕೆ ಬಡಿಸುತ್ತಾ ಕೇಳಿದಳು — "ಅಲ್ವೇ, ಇಪ್ಪತ್ತೇಳು ವರ್ಷ ಅವರ ಹತ್ರ ದುಡಿದೆ. ನಿನಗೆ ಯಾರು ಕಾಗದ ಬರೆದುಕೊಡ್ತಾರೆ?"

ಇವಳ ಬಾಯಿಗೆ ಬೀಗ ಇಲ್ಲ.

ಜೂನ್ 13, ಗುರುವಾರ

ನನಗೂ ಗತಿ ಆಯಿತು. ಬಸ್ ನಿಲ್ದಾಣದ ಹಿಂದಿನ ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ರೋಗಿಗಳಲ್ಲಿ ಮುಕ್ಕಾಲುಪಾಲು ಜನರನ್ನು ತೆಗೆದುಕೊಳ್ಳುತ್ತಾರೆ. ಫೈಲುಗಳ ಜೊತೆ ನನ್ನನ್ನೂ. ಸದ್ಯಕ್ಕೆ ಮೂರು ತಿಂಗಳು, ಆಮೇಲೆ ನೋಡೋಣ ಎಂದರು.

ಫಾರಂ ಆರು ಪುಟ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. 'ಹಿಂದಿನ ಹುದ್ದೆ' ಎಂಬ ಕಡೆ ಪೆನ್ ನಿಂತಿತು. ಜನ ಒಬ್ಬರು ಕಾಂಪೌಂಡರಮ್ಮ ಅನ್ನುತ್ತಾರೆ, ಒಬ್ಬರು ನರ್ಸಮ್ಮ ಅನ್ನುತ್ತಾರೆ. ಸರ್ ಬರೀ "ಏನಮ್ಮಾ" ಎನ್ನುತ್ತಾರೆ. 'ಸಹಾಯಕಿ' ಎಂದು ಬರೆದೆ.

ಡಾಕ್ಟರಮ್ಮನಿಗೆ ಮೂವತ್ತೈದೂ ಇರಲಿಕ್ಕಿಲ್ಲ. ಚುರುಕು. ಸರ್ ಬರೆದ ಒಂದು ಚೀಟಿ ಬೆಳಕಿಗೆ ಹಿಡಿದು ನೋಡಿದರು.

"ಇದೇನಿದು, ಯ.ಪ್ರ.? ಹೊಸ ಮಾತ್ರೇನಾ?"

"ಯಥಾಪ್ರಕಾರ ಅಂತ ಮೇಡಂ. ಹೋದ ಸಲ ಕೊಟ್ಟಿದ್ದೇ ಮುಂದುವರಿಸಿ ಅಂತ."

"ಹೋದ ಸಲದ ಚೀಟೀಲಿ ಏನಿದೆ?"

"ಯ.ಪ್ರ."

"ಅದರ ಹಿಂದಿನದ್ರಲ್ಲಿ?"

ಇಬ್ಬರಿಗೂ ನಗು ಬಂತು. ಹಿಂದೆ ಹಿಂದೆ ಹೋದರೆ ಫೈಲಿನಲ್ಲಿ ಎಲ್ಲೋ ಒಂದು ಕಡೆ ಪೂರ್ತಿ ಬರೆದಿರುತ್ತದೆ ಎಂದು ಹೇಳಿದೆ. ಸರ್ ಮೊದಲು ಹಾಗೆ ಬರೆಯುತ್ತಿರಲಿಲ್ಲ. ಅಮ್ಮಾವ್ರು — ಅವರ ಹೆಂಡತಿ — ತೀರಿಹೋದ ಮೇಲೆ ಶುರುವಾಯಿತು. ಎರಡು ವರ್ಷ ಆಯಿತು. ಮನುಷ್ಯನಿಗೆ ಬರೆಯಲು ಬೇಸರ, ಅಷ್ಟೇ. ನಮ್ಮಲ್ಲಿ ಯಾರಿಗೂ ತೊಂದರೆ ಆಗಲಿಲ್ಲ. ಮೆಡಿಕಲ್ಸ್‌ನವನಿಗೆ ಅನುಮಾನ ಬಂದರೆ ಕಿಟಕಿಯಿಂದಲೇ ಕೂಗುತ್ತಿದ್ದ, ನಾನು ಹೇಳುತ್ತಿದ್ದೆ.

ಜೂನ್ 21, ಶುಕ್ರವಾರ

ಮೂವತ್ತೇಳು ಕಾಗದ. ದಾಖಲೆ! ಕಣ್ಣು ಉರಿ.

ಹನ್ನೊಂದಕ್ಕೆ ಗಡಿಯಾರ ಬಂದ. ಟೈಲರ್. ಒಂಬತ್ತು ವರ್ಷದ ಹಿಂದೆ ಹೃದಯಕ್ಕೆ ಲೋಹದ ಕವಾಟ ಹಾಕಿದ್ದಾರೆ. ಪಕ್ಕದಲ್ಲಿ ಯಾರೂ ಮಾತಾಡದಿದ್ದರೆ ಟಿಕ್ ಟಿಕ್ ಎನ್ನುವುದು ಕೇಳಿಸುತ್ತದೆ. ಹೆಸರು ಇಟ್ಟವನು ಅವನೇ. "ಕೀ ಕೊಡೋ ಹಾಗಿಲ್ಲ ಮೇಡಂ, ಮಾತ್ರೆ ಹಾಕಿದ್ರೆ ಸಾಕು." ಆ ಮಾತ್ರೆ ರಕ್ತ ತೆಳುವಾಗಿಡುತ್ತದೆ. ಕಡಿಮೆಯಾದರೆ ಕವಾಟದ ಹತ್ತಿರ ರಕ್ತ ಗಟ್ಟಿಯಾಗುತ್ತದೆ, ಹೆಚ್ಚಾದರೆ ಎಲ್ಲಿ ಬೇಕಾದರೂ ಸೋರುತ್ತದೆ. ನಮ್ಮ ಇನ್ನೂರ ಹನ್ನೆರಡು ಜನರಲ್ಲಿ ಈ ಮಾತ್ರೆಯವನು ಅವನೊಬ್ಬನೇ.

ಕೆಂಪು ಸೊನ್ನೆಯವರಲ್ಲೂ ಮೊದಲನೆಯವನು. ಮಾತ್ರೆ ಸೋಮವಾರ ಮುಗಿಯುತ್ತದೆ. ಎಲ್ಲ ಬಿಟ್ಟು ಅವನ ಕಾಗದ ಬರೆದೆ, ಸಹಿ ಹಾಕಿಸಿದೆ, ಸೋಮವಾರ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋಗು ಎಂದೆ. ಎರಡೂ ಕೈ ಮುಗಿದ. ಸೊನ್ನೆಯ ಮೇಲೆ ಗೀಟು ಎಳೆದೆ. ಈ ಕೆಲಸದಲ್ಲಿ ಇರುವ ಸುಖ ಅದೊಂದೇ.

ಜೂನ್ 29, ಶನಿವಾರ

ಮುಗಿಯಿತು. ಬೋರ್ಡ್ ಇಳಿಸಿದರು. ಗೋಡೆಯ ಮೇಲೆ ಬೋರ್ಡಿನಷ್ಟು ಬಿಳಿ ಉಳಿದಿದೆ.

ಸರ್ ಇನ್ನು ಮೇಲೆ ಮಗಳ ಮನೆಯಲ್ಲಿ, ಊರಿನ ಆ ತುದಿ. ಆಟೋ ಹತ್ತುವಾಗ ನನ್ನನ್ನು ಮಗಳ ಹೆಸರು ಹಿಡಿದು ಕರೆದರು. ಹೊರಡುವ ಸಂಕಟ. ನಾನು ತಿದ್ದಲಿಲ್ಲ.

ಜುಲೈ 15, ಸೋಮವಾರ. ಮಧ್ಯಾಹ್ನ 2

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಊಟದ ಬಿಡುವಿನಲ್ಲಿ ಬ್ಲೌಸ್ ಸಡಿಲ ಮಾಡಿಸಲು ಗಡಿಯಾರದ ಟೈಲರ್ ಅಂಗಡಿಗೆ ಹೋಗಿದ್ದೆ. ಅಳತೆಯ ಟೇಪಿನ ಮೇಲೆ ಕಂದು ಕಲೆ. ಎಡಗೈ ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡಿದ್ದ.

"ಬೆಳಿಗ್ಗೆ ಸೂಜಿ ಚುಚ್ತು ಮೇಡಂ. ಇನ್ನೂ ನಿಂತಿಲ್ಲ. ಹಲ್ಲುಜ್ಜಿದ್ರೂ ಮೂರು ದಿನದಿಂದ ರಕ್ತ."

"ಮಾತ್ರೆ ಹೇಗೆ ತಗೊಳ್ತಿದೀಯ?"

"ದಿನಾ ಒಂದು."

ದಿನಾ ಒಂದು! ನಿಂತಲ್ಲೇ ಎಲ್ಲ ನೆನಪಾಯಿತು. ಡಿಸೆಂಬರ್. ಇವನಿಗೆ ಮೂಗಿನಲ್ಲಿ ರಕ್ತ ಬಂದಿತ್ತು. ಸರ್ ಚಪ್ಪಲಿ ಮೆಟ್ಟಿಕೊಂಡು ಹೊರಟವರು ಬಾಗಿಲಲ್ಲಿ ನಿಂತು, "ಇವನಿಗೆ ಇನ್ಮೇಲೆ ಒಂದು ದಿನ ಒಂದು, ಮಾರನೇ ದಿನ ಅರ್ಧ. ನೆನಪಿಟ್ಕೋ ಅಮ್ಮಾ" ಎಂದರು. ನೆನಪಿಟ್ಟುಕೊಂಡೆ. ಇವನಿಗೆ ಹೇಳಿದೆ. ಮೆಡಿಕಲ್ಸ್‌ಗೆ ಕೂಗಿ ಹೇಳಿದೆ. ಸರ್ ಚೀಟಿಯಲ್ಲಿ ಬರೆದದ್ದು ಯ.ಪ್ರ. ಕಾಗದ ಬರೆಯುವ ದಿನ, ಮೂವತ್ತೇಳರ ಅಮಲಿನಲ್ಲಿ, ಫೈಲಿನ ಹಳೆಯ ಪುಟ ತೆಗೆದು ನಕಲು ಮಾಡಿದೆ. ದಿನಕ್ಕೆ ಒಂದು.

"ಅರ್ಧ ಇತ್ತಲ್ಲೋ! ಕೇಳಬಾರದಿತ್ತಾ?"

"ಅಕ್ಷರ ನಿಮ್ಮದು ಮೇಡಂ. ನೀವು ತಪ್ಪು ಬರೆಯೋದುಂಟಾ? ಡಾಕ್ಟ್ರು ಹೆಚ್ಚು ಮಾಡಿದಾರೆ ಅಂದ್ಕೊಂಡೆ."

ಅಂಗಡಿಗೆ ಬೀಗ ಹಾಕಿಸಿ ಆಟೋದಲ್ಲಿ ಕರೆತಂದೆ. ದಾರಿಯುದ್ದಕ್ಕೂ ಆ ಟಿಕ್ ಟಿಕ್ ಕೇಳುತ್ತಾ ಕೂತಿದ್ದೆ. ಒಳಗೆ ರಕ್ತ ತೆಗೆಯುತ್ತಿದ್ದಾರೆ.

ಅದೇ ದಿನ, ಸಂಜೆ 6

ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಂಕಿ, ಎರಡೂವರೆಯಿಂದ ಮೂರೂವರೆ ಒಳಗೆ ಇರಬೇಕಾದದ್ದು, ಆರು ದಾಟಿದೆ. ಮಾತ್ರೆ ನಿಲ್ಲಿಸಿದ್ದಾರೆ. ಇವತ್ತು ಅಲ್ಲೇ ಮಲಗಬೇಕು, ನಾಳೆ ಮತ್ತೆ ಟೆಸ್ಟ್. ತಲೆಗೆ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳಿ ಎಂದರು. ಇನ್ನೊಂದು ವಾರ ಹೀಗೇ ತಗೊಂಡಿದ್ದರೆ ಎಂದು ನಾನು ಕೇಳಿದೆ. ಡಾಕ್ಟರಮ್ಮ ನಾಳೆಯ ಟೆಸ್ಟಿನ ಚೀಟಿ ಬರೆಯತೊಡಗಿದರು.

ನಿಜವಾದ ಅಳತೆ ಹೇಳಿದೆ. "ಕಾಗದದಲ್ಲಿ ನನ್ನ ಕೈತಪ್ಪು ಮೇಡಂ" ಎಂದೂ ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ.

ಗಡಿಯಾರ ಮಂಚದ ಮೇಲೆ ಮಲಗಿ ನನಗೇ ಸಮಾಧಾನ ಹೇಳಿದ. "ನಡೀತಾ ಇದೆ ಮೇಡಂ. ಕೇಳಿ ಬೇಕಾದ್ರೆ."

ಜುಲೈ 16, ಮಂಗಳವಾರ

ಬೆಳಿಗ್ಗೆ ಮೆಡಿಕಲ್ಸ್‌ನವನ ಹತ್ತಿರ ಹೋದೆ. ಪುಸ್ತಕ ತೆಗೆದು ತೋರಿಸಿದ. ನವೆಂಬರ್‌ವರೆಗೆ ತಿಂಗಳಿಗೆ ಮೂವತ್ತು ಮಾತ್ರೆ. ಡಿಸೆಂಬರ್‌ನಿಂದ ಇಪ್ಪತ್ತಮೂರು. ಹದಿನೈದು ಪೂರ್ತಿ, ಹದಿನೈದು ಅರ್ಧ. ನನ್ನ ನೆನಪು ಸರಿಯಿತ್ತು. ಕೈ ಮಾತ್ರ ಕೆಟ್ಟಿತು.

ಆದರೂ ಸರ್ ಬಾಯಿಂದ ಒಂದು ಮಾತು ಕೇಳೋಣ ಎಂದು ಫೋನ್ ಮಾಡಿದೆ.

"ಸರ್, ನಮ್ಮ ಗಡಿಯಾರದ ಟೈಲರ್‌ಗೆ ಡಿಸೆಂಬರ್‌ನಲ್ಲಿ ಡೋಸ್ ಇಳಿಸಿದ್ರಲ್ಲ…"

"ಯಾವ ಟೈಲರ್?"

ತಮಾಷೆ ಎಂದುಕೊಂಡೆ. ಕವಾಟ ಎಂದೆ, ಟಿಕ್ ಟಿಕ್ ಎಂದೆ. ಒಂಬತ್ತು ವರ್ಷ ತಿಂಗಳಿಗೊಮ್ಮೆ ನೋಡಿದ ಮನುಷ್ಯ. ಸರ್ ಮೆಲ್ಲಗೆ, "ಅದಕ್ಕೆಲ್ಲ ನೀನಿದ್ದೆಯಲ್ಲಮ್ಮಾ" ಎಂದರು.

ಫೋನ್ ಇಟ್ಟೆ. ನಂತರ ಒಂದು ಗಂಟೆ ಏನು ಮಾಡಿದೆನೋ ನೆನಪಿಲ್ಲ. ಯಾರಿಗೋ ಟೋಕನ್ ಕೊಟ್ಟೆ ಅನಿಸುತ್ತದೆ.

ಗಡಿಯಾರದ ರಕ್ತದ ಅಂಕಿ — ನಾಲ್ಕೂವರೆಗೆ ಇಳಿದಿದೆ. ಮನೆಗೆ ಕಳಿಸಿದರು. ದೇವರು ದೊಡ್ಡವನು.

ಜುಲೈ 17, ಬುಧವಾರ

ಫೈಲುಗಳನ್ನು ಮನೆಗೆ ತರಬಾರದು, ಆದರೂ ತಂದೆ. ಒಂದು ಚೀಲ ತುಂಬ. ಅಕ್ಕನ ಮಂಚದ ಮೇಲೆ ಹರವಿಕೊಂಡು ನೋಡಿದೆ.

ಅಮ್ಮಾವ್ರು ಹೋಗುವ ಮುಂಚೆ — ಪೂರ್ತಿ ಅಳತೆ, ದುಂಡು ಅಕ್ಷರ. ಹೋದ ಮೇಲೆ ಆರು ತಿಂಗಳು — ಅಲ್ಲೊಂದು ಇಲ್ಲೊಂದು ಯ.ಪ್ರ. ಕಳೆದ ಒಂದೂವರೆ ವರ್ಷ — ಯ.ಪ್ರ., ಯ.ಪ್ರ., ಯ.ಪ್ರ. ಬೇರೆ ಏನೂ ಇಲ್ಲ. ನಡುವೆ ಬದಲಾದದ್ದೆಲ್ಲ ಬಾಯಿಮಾತು. ಇರುವುದು ನನ್ನ ತಲೆಯಲ್ಲಿ.

ಬೇಸರದಿಂದ ಬರೆದದ್ದಲ್ಲ. ನೆನಪಿಲ್ಲದೆ ಬರೆದದ್ದು.

ಗೊತ್ತಿರಲಿಲ್ಲವೇ ನನಗೆ? ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು. ಗೊತ್ತಿತ್ತು. ರೋಗಿ ಒಳಗೆ ಬರುವ ಮುಂಚೆ "ಸಕ್ಕರೆ ಕಾಯಿಲೆ ಸರ್, ಮಗನಿಗೆ ಮದುವೆ ಆಯ್ತು ಮೊನ್ನೆ" ಎಂದು ಕಿವಿಯಲ್ಲಿ ಹೇಳುತ್ತಿದ್ದವಳು ನಾನೇ. ಸರ್ "ಏನಪ್ಪಾ, ಸೊಸೆ ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ಆ ಮನುಷ್ಯ ಹಿಗ್ಗಿ ಹೀರೇಕಾಯಿಯಾಗಿ ಹೋಗುತ್ತಿದ್ದ. ಹೆಂಡತಿ ಹೋದ ದುಃಖ, ಸರಿಹೋಗುತ್ತದೆ ಎಂದುಕೊಂಡೆ. ಹಾಗೆ ಅಂದುಕೊಂಡರೆ ಮಾರನೇ ದಿನ ಕೆಲಸಕ್ಕೆ ಹೋಗಬಹುದಿತ್ತು. ಇಷ್ಟು ಜನ ನನ್ನನ್ನು ನಂಬಿದ್ದಾರೆ ಎಂಬ ಹೆಮ್ಮೆಯೂ ಇತ್ತು. ಅದನ್ನೂ ಬರೆದಿಡುತ್ತೇನೆ.

ಅಕ್ಕ ತಲೆಬಾಗಿಲಿಗೆ ಚಿಲಕ ಹಾಕಿ ಬಂದು ಫೈಲುಗಳ ಮಧ್ಯೆ ಜಾಗ ಮಾಡಿಕೊಂಡು ಕೂತಳು. ಎಲ್ಲ ಹೇಳಿದೆ.

"ಆ ಹುಡುಗಿ ಡಾಕ್ಟರ್‌ಗೆ ಹೇಳ್ತೀಯಾ?"

"ಹೇಳಿದ್ರೆ ಸರ್ ಮರ್ಯಾದೆ ಹೋಗುತ್ತೆ. ನನ್ನ ಕೆಲಸಾನೂ."

"ಹೇಳದಿದ್ರೆ?"

ಇನ್ನೂ ಎಷ್ಟು ಕಾಗದದಲ್ಲಿ ಹಳೆ ಪುಟ ನಕಲು ಮಾಡಿದ್ದೇನೋ ಗೊತ್ತಿಲ್ಲ. ನೆನಪಿಗೆ ಬಂದವರನ್ನು ಪಟ್ಟಿ ಮಾಡಿದೆ. ಒಂಬತ್ತು ಜನ. ನೆನಪಿಗೆ ಬಾರದವರನ್ನು ಪಟ್ಟಿ ಮಾಡುವುದು ಹೇಗೆ?

ಜುಲೈ 18, ಗುರುವಾರ

ಹೇಳಿದೆ. ಎಂಟೂವರೆಗೆ, ಹೊರಗೆ ಯಾರೂ ಬರುವ ಮುಂಚೆ. ನಿಂತುಕೊಂಡೇ ಹೇಳಿದೆ. ಸರ್ ಮರೆವು, ಯ.ಪ್ರ., ಕಿವಿಯಲ್ಲಿ ಹೇಳುತ್ತಿದ್ದದ್ದು, ಎಲ್ಲ. ಒಂಬತ್ತು ಹೆಸರಿನ ಪಟ್ಟಿ ಮೇಜಿನ ಮೇಲೆ ಇಟ್ಟೆ.

ಡಾಕ್ಟರಮ್ಮ ಪಟ್ಟಿ ಎರಡು ಸಲ ಓದಿದರು. ಮುಖ ಬಿಗಿಯಾಯಿತು. "ಎರಡು ವರ್ಷ. ನೀವು ಡೋಸ್ ಹೇಳ್ತಿದ್ರಿ, ಅವರು ಸಹಿ ಹಾಕ್ತಿದ್ರು."

"ಹೊಸದಾಗಿ ನಾನೇನೂ ಕೊಟ್ಟಿಲ್ಲ ಮೇಡಂ. ಅವರು ಹೇಳಿದ್ದನ್ನೇ—"

"ಅದು ನನಗೆ ಅರ್ಥ ಆಗುತ್ತೆ. ಅದು ಸಾಕಾಗಲ್ಲ."

ಸಾಕಾಗುವುದಿಲ್ಲ. ನಿಜ. ತಲೆ ತಗ್ಗಿಸಿ ನಿಂತೆ. ಮಾಡಿದ್ದುಣ್ಣೋ ಮಹಾರಾಯ. ಚೀಲ ತೆಗೆದುಕೊಂಡು ಹೊರಡು ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಅವರು ಕುರ್ಚಿ ನನ್ನ ಕಡೆ ತಳ್ಳಿದರು.

"ಕೂತ್ಕೊಳ್ಳಿ. ಈ ಒಂಬತ್ತು ಜನಕ್ಕೆ ಈಗಲೇ ಫೋನ್ ಮಾಡಿ. ಆಮೇಲೆ ಮಿಕ್ಕ ಎಲ್ಲರಿಗೂ, ಬೇರೆ ಡಾಕ್ಟರ ಹತ್ರ ಹೋದವರಿಗೂ. ಮನೇಲಿರೋ ಮಾತ್ರೆ ಎಲ್ಲಾ ಒಂದು ಚೀಲದಲ್ಲಿ ಹಾಕ್ಕೊಂಡು ಬರಲಿ. ಮಾತ್ರೆ ಮುಗಿದ ಖಾಲಿ ಸ್ಟ್ರಿಪ್‌ಗಳೂ ಬೇಕು. ಬಾಯಿಮಾತು ಬೇಡ, ನಿಮ್ಮ ನೆನಪೂ ಬೇಡ. ಕಣ್ಣಲ್ಲಿ ಕಂಡಿದ್ದು ಮಾತ್ರ ಬರೀರಿ. ನಾನು ನೋಡಿ ಸಹಿ ಹಾಕ್ತೀನಿ." ನಂತರ, "ಸರ್ ಮಗಳಿಗೆ ಗೊತ್ತಾ?"

ಗೊತ್ತಿಲ್ಲ ಎಂದೆ.

"ಅವರಿಗೂ ಫೋನ್ ಮಾಡಬೇಕು. ಅದನ್ನ ನಾನು ಮಾಡ್ತೀನಿ."

ಜುಲೈ 24, ಬುಧವಾರ

ಚೀಲಗಳ ಜಾತ್ರೆ. ಬೆಳಿಗ್ಗೆಯಿಂದ ಹತ್ತೊಂಬತ್ತು ಜನ.

ಒಬ್ಬ ಅಜ್ಜಿ ಬಿಸ್ಕತ್ ಡಬ್ಬಿ ತುಂಬ ತಂದರು. ನಾಲ್ಕು ಡಾಕ್ಟರ ಮಾತ್ರೆ, ಒಂದರ ಮೇಲೊಂದು. ಕೆಲವಕ್ಕೆ ಮೊಮ್ಮಗನ ವಯಸ್ಸು. "ಬಿಸಾಡೋಕೆ ಮನಸ್ಸು ಬರಲ್ಲ ಕಣಮ್ಮ." ಒಂದು ಜೋಡಿ, ಗಂಡ ಹೆಂಡತಿ, ಒಂದೇ ಚೀಲ. ಯಾರದ್ದು ಯಾವುದು ಎಂದರೆ, "ಇಬ್ಬರಿಗೂ ಬಿಪಿ ತಾನೇ? ಯಾವ್ದು ಮೊದ್ಲು ಕೈಗೆ ಸಿಗುತ್ತೋ ಅದು." ಡಾಕ್ಟರಮ್ಮ ಹಣೆ ಹಿಡಿದುಕೊಂಡರು. ಮೂರು ವಾರದಲ್ಲಿ ಅವರು ಮೊದಲ ಸಲ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು.

ಒಂಬತ್ತರಲ್ಲಿ ಏಳು ಕಾಗದ ಸರಿಯಿತ್ತು. ಎರಡು ತಪ್ಪು. ಒಬ್ಬರಿಗೆ ಥೈರಾಯ್ಡ್ ಮಾತ್ರೆ ಕಡಿಮೆ ಬರೆದಿದ್ದೆ, ಇನ್ನೊಬ್ಬರಿಗೆ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿಸಿದ್ದೆ. ಇಬ್ಬರಿಗೂ ಏನೂ ಆಗಿಲ್ಲ. ಇಬ್ಬರ ಹತ್ತಿರವೂ ತಪ್ಪಾಯಿತು ಎಂದೆ. ಒಬ್ಬರು ಪರವಾಗಿಲ್ಲ ಎಂದರು. ಇನ್ನೊಬ್ಬರು ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳಿದರು. ಹೇಳಲಿ.

ಜುಲೈ 30, ಮಂಗಳವಾರ

ಗಡಿಯಾರದ ರಕ್ತದ ಅಂಕಿ ಮೂರು. ಸರಿಯಾಗಿದೆ! ಒಂದು ದಿನ ಒಂದು, ಮಾರನೇ ದಿನ ಅರ್ಧ. ಈ ಸಲ ಕಾಗದದ ಮೇಲಿದೆ.

ಬ್ಲೌಸ್ ಕೊಟ್ಟ. ಸಡಿಲ ಮಾಡು ಎಂದರೆ ಇನ್ನೂ ಬಿಗಿ ಮಾಡಿದ್ದಾನೆ. "ಲೆಕ್ಕ ಚುಕ್ತಾ ಮೇಡಂ" ಎಂದು ನಗುತ್ತಾನೆ. ಬೇಕೆಂದೇ ಮಾಡಿದನೋ, ಹಾಗೇ ಆಯಿತೋ, ಕೇಳಲಿಲ್ಲ.

ಆಗಸ್ಟ್ 9, ಶುಕ್ರವಾರ

ಸರ್ ಮಗಳ ಫೋನ್. ಡಾಕ್ಟರಮ್ಮ ಹೇಳಿದ ಮೇಲೆ ಅವಳು ಅಪ್ಪನನ್ನು ದೊಡ್ಡ ಡಾಕ್ಟರಿಗೆ ತೋರಿಸಿದಳಂತೆ. ಮರೆವಿನ ಕಾಯಿಲೆ, ಇನ್ನೂ ಹೆಚ್ಚುತ್ತದೆ ಎಂದರಂತೆ. ನನ್ನ ಮೇಲೆ ಸಿಟ್ಟು ಇರಬಹುದು ಎಂದು ಹೆದರಿದ್ದೆ. ಇತ್ತು ಕೂಡ.

"ನೀವಾದ್ರೂ ನನಗೊಂದು ಮಾತು ಹೇಳಬಹುದಿತ್ತಲ್ಲ ಆಂಟಿ. ಎರಡು ವರ್ಷ ಅಪ್ಪ ಚೆನ್ನಾಗಿದ್ದಾರೆ ಅಂತಾನೇ ಅಂದ್ಕೊಂಡಿದ್ದೆ."

ಸ್ವಲ್ಪ ಹೊತ್ತು ಅತ್ತಳು. ಆಮೇಲೆ ವಿಷಯಕ್ಕೆ ಬಂದಳು. ಸರ್‌ಗೆ ಬಿಪಿ ಇದೆ, ಇನ್ನೂ ಏನೇನೋ ಇದೆ. ಅವರಿಗೆ ಅವರೇ ಡಾಕ್ಟರಾಗಿದ್ದರು, ಒಂದು ಚೀಟಿ ಇಲ್ಲ, ಫೈಲ್ ಇಲ್ಲ. ಏನು ತಗೊಳ್ಳುತ್ತಿದ್ದೀರಿ ಎಂದು ಕೇಳಿದರೆ ಗದರುತ್ತಾರಂತೆ. ಮನೆಯಲ್ಲಿ ಸಿಕ್ಕ ಮಾತ್ರೆಗಳಲ್ಲಿ ಯಾವುದು ನಡೆಯುತ್ತಿದೆ, ಯಾವುದು ಬಿಟ್ಟದ್ದು, ಗೊತ್ತಾಗುತ್ತಿಲ್ಲ.

"ಚೀಲಕ್ಕೆ ಹಾಕ್ಕೊಂಡು ಸೋಮವಾರ ಇಲ್ಲಿಗೇ ಕರ್ಕೊಂಡು ಬಾರಮ್ಮ" ಎಂದೆ.

ರಿಜಿಸ್ಟರ್‌ನಲ್ಲಿ ಇನ್ನೂರ ಹದಿಮೂರನೆಯವರಾಗಿ ಬರೆದೆ. ಮಾತ್ರೆ ಮುಗಿಯುವ ದಿನ — ಗೊತ್ತಿಲ್ಲ. ಕೆಂಪು ಸೊನ್ನೆ ಹಾಕಿದೆ.

ಆಗಸ್ಟ್ 12, ಸೋಮವಾರ

ಸರ್ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್. ಒಳಗೆ ಬಂದವರು ನೇರವಾಗಿ ಡಾಕ್ಟರ ಕುರ್ಚಿಯ ಕಡೆ ನಡೆದರು. ಡಾಕ್ಟರಮ್ಮ ಎದ್ದು ನಿಂತು, "ಕೂತ್ಕೊಳ್ಳಿ ಸರ್" ಎಂದು ಅಲ್ಲೇ ಕೂರಿಸಿದರು. ತಾವು ರೋಗಿಯ ಸ್ಟೂಲಿನ ಮೇಲೆ ಕೂತರು. ಅದಕ್ಕೆ ಆ ಹೆಣ್ಣುಮಗಳ ಕಾಲಿಗೆ ಬೀಳಬೇಕು ಅನಿಸಿತು ನನಗೆ.

ಬಿಪಿ ನೋಡಿದರು. ಸರ್ ತಾವೇ ತೋಳು ಮಡಿಸಿ ಕೊಟ್ಟರು, ಪಟ್ಟಿ ಸ್ವಲ್ಪ ಮೇಲೆ ಕಟ್ಟಿ ಎಂದು ತಿದ್ದಿದರು ಕೂಡ.

"ಸರ್, ಈಗ ಯಾವ್ಯಾವ ಮಾತ್ರೆ ನಡೀತಿದೆ?"

ಸರ್ ನನ್ನ ಕಡೆ ತಿರುಗಿದರು. ನಕ್ಕರು. ಇಪ್ಪತ್ತೇಳು ವರ್ಷದ ಅದೇ ನಗು.

"ಯಥಾಪ್ರಕಾರ" ಎಂದರು.

ಮಗಳು ಮುಖ ಆ ಕಡೆ ಮಾಡಿಕೊಂಡಳು. ಡಾಕ್ಟರಮ್ಮ ಚೀಲವನ್ನೂ ಕಾಗದವನ್ನೂ ನನ್ನ ಕಡೆ ಸರಿಸಿದರು. "ಬರೀರಿ. ಕಣ್ಣಲ್ಲಿ ಕಂಡಿದ್ದು."

ಹೊಸ ಫಾರಂ. 'ಹಿಂದಿನ ವೈದ್ಯರು' ಎಂಬ ಕಡೆ ಸರ್ ಹೆಸರು ಬರೆದೆ. 'ರೋಗಿಯ ಹೆಸರು' ಎಂಬ ಕಡೆಯೂ ಅದನ್ನೇ ಬರೆದೆ. ಬೆಳಿಗ್ಗೆಯದು ಕಣ್ಣಲ್ಲಿ ಕಂಡದ್ದೇ — ದಿನಾ ಒಂಬತ್ತು ಗಂಟೆಗೆ ನೀರಿನ ಲೋಟದ ಜೊತೆ ಎದುರಿಗೆ ಇಡುತ್ತಿದ್ದವಳು ನಾನೇ. ಮಧ್ಯಾಹ್ನಕ್ಕೆ ಏನೂ ಇರಲಿಲ್ಲ. ರಾತ್ರಿಯದು ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದರು. ಚೀಲದಲ್ಲಿ ಮೂರು ಬಗೆ ಇದೆ, ಮೂರೂ ಅರ್ಧ ಖಾಲಿ.

"ಸರ್, ರಾತ್ರಿ ಯಾವುದು?"

ಯೋಚಿಸಿದರು. ಬಹಳ ಹೊತ್ತು. ಹಣೆ ಉಜ್ಜಿಕೊಂಡರು. ಆಮೇಲೆ ನನ್ನನ್ನು ಮಗಳ ಹೆಸರು ಹಿಡಿದು ಕರೆದು, "ರಾತ್ರೀದು ನಿಮ್ಮಮ್ಮನಿಗೆ ಗೊತ್ತು. ಒಳಗಿದ್ದಾಳೆ, ಹೋಗಿ ಕೇಳ್ಕೊಂಡು ಬಾ" ಎಂದರು.

ಎದ್ದು ಹೊರಗೆ ಹೋದೆ. ಬಾಗಿಲ ಆ ಕಡೆ ಸ್ವಲ್ಪ ಹೊತ್ತು ನಿಂತೆ. ವಾಪಸ್ ಬಂದೆ. ಸರ್ ನನ್ನ ಮುಖವನ್ನೇ ನೋಡುತ್ತಿದ್ದರು, ಏನಂದಳು ಎನ್ನುವ ಹಾಗೆ.

ಕೂತು ಬರೆದೆ.

ಬೆಳಿಗ್ಗೆ — ಒಂದು, ತಿಂಡಿಯಾದ ಮೇಲೆ.

ಮಧ್ಯಾಹ್ನ — ಇಲ್ಲ.

ರಾತ್ರಿ —